‘ಸ್ಲೋ’ ಅನ್ನುವ ಮುನ್ನ: ಪೂರ್ವ ಏಷ್ಯಾದ ಸಿನಿಮಾಗಳನ್ನು ತೂಗುವ ಬಗೆ

ಯಸುಜಿರೊ ಓಜು ಅವರ ‘ಟೋಕಿಯೊ ಸ್ಟೋರಿ’ ನೋಡಲು ಮೊದಲ ಸಲ ಕೂತಾಗ ನಾನು ನಲವತ್ತು ನಿಮಿಷಕ್ಕೇ ಎದ್ದುಬಿಟ್ಟೆ. ಹಿಂದಿನ ವಾರವಷ್ಟೇ ಕೊರಿಯಾದ ‘ಓಲ್ಡ್‌ಬಾಯ್’ ನೋಡಿ ತಲೆ ಗಿರ್ರ್ ಅಂದಿತ್ತು. ಅದೇ ಗುಂಗಿನಲ್ಲಿ ಜಪಾನಿನ ಈ ಹೆಸರಾಂತ ಚಿತ್ರವನ್ನು ಹಾಕಿಕೊಂಡರೆ, ಪರದೆ ಮೇಲೆ ವಯಸ್ಸಾದ ಗಂಡ ಹೆಂಡತಿ ಊರಿಗೆ ಹೊರಡಲು ಸಾಮಾನು ಕಟ್ಟುತ್ತಿದ್ದರು. ಗಾಳಿದಿಂಬು ನಿನ್ನ ಹತ್ತಿರ ಇದೆಯಾ, ಇಲ್ಲ ನಿಮ್ಮ ಹತ್ತಿರವೇ ಇರಬೇಕು ಅಂತ ಹುಡುಕುತ್ತಿದ್ದರು. ‘ಸ್ಲೋ’ ಅಂತ ಗೆಳೆಯನಿಗೆ ಒಂದೇ ಪದದ ಮೆಸೇಜ್ ಹಾಕಿ ಮಲಗಿದೆ.

ಸೇರಿನಲ್ಲಿ ಬಟ್ಟೆ ಅಳೆಯಲು ಹೋದ ಹಾಗಾಗಿತ್ತು ನನ್ನ ಕಥೆ. ಇದು ಗೊತ್ತಾಗಲು ಕೆಲವು ವರ್ಷ ಬೇಕಾಯಿತು.

ಪೂರ್ವ ಏಷ್ಯಾದ ಸಿನಿಮಾ ಅಂದರೆ ಜಪಾನ್, ಕೊರಿಯಾ, ಚೀನಾ, ಹಾಂಗ್‌ಕಾಂಗ್, ತೈವಾನ್. ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಆದರೆ ಇವು ಒಂದೇ ಮನೆಯವಲ್ಲ, ನೆರೆಹೊರೆಯವು. ಅದೂ ಜಗಳ ಆಡಿಕೊಂಡ ನೆರೆಹೊರೆ. ಜಪಾನಿನ ಆಳ್ವಿಕೆಯ ಕಹಿ ಎಷ್ಟಿತ್ತೆಂದರೆ, ದಕ್ಷಿಣ ಕೊರಿಯಾ 1998ರವರೆಗೂ ಜಪಾನಿ ಸಿನಿಮಾಗಳನ್ನು ತನ್ನ ಥಿಯೇಟರ್‌ಗಳಿಗೆ ಬಿಟ್ಟುಕೊಂಡಿರಲಿಲ್ಲ. ಇನ್ನು ಒಂದೊಂದು ದೇಶದೊಳಗೂ ಹತ್ತಾರು ಬಗೆಯ ಚಿತ್ರಗಳು. ಪ್ರತಿ ಬಗೆಗೂ ಪ್ರೇಕ್ಷಕನ ಜೊತೆ ಅದರದೇ ಒಂದು ಒಡಂಬಡಿಕೆ ಇರುತ್ತದೆ. ನಾನು ಇಷ್ಟು ಕೊಡುತ್ತೇನೆ, ನೀನು ಇಷ್ಟನ್ನು ಕೇಳಬೇಡ ಅಂತ. ವಿಮರ್ಶೆ ಬರೆಯುವವನು ಆ ಒಡಂಬಡಿಕೆಯನ್ನು ಓದದೆ ಸಹಿ ಹಾಕಿದರೆ ನನ್ನ ಹಾಗೆ ‘ಸ್ಲೋ’ ಅಂತ ಬರೆದು ಮಲಗುತ್ತಾನೆ.

ಹೊಡೆದಾಟದಿಂದಲೇ ಶುರು ಮಾಡೋಣ. ನಮ್ಮಲ್ಲಿ ತುಂಬಾ ಜನ ಈ ಲೋಕಕ್ಕೆ ಹೊಕ್ಕಿದ್ದು ಆ ಬಾಗಿಲಿನಿಂದ. ಮೊದಲು ಬ್ರೂಸ್ ಲೀ, ಆಮೇಲೆ ಜಾಕಿ ಚಾನ್. ‘ಕುಂಗ್ ಫೂ ಪಿಕ್ಚರ್’ ಅಂತ ನಾವು ಒಂದೇ ಗೋಣಿಗೆ ತುಂಬುವುದರಲ್ಲಿ ಎರಡು ಬೇರೆ ತಳಿಗಳಿವೆ. ಕುಂಗ್ ಫೂ ಅಂದರೆ ಹೆಚ್ಚಾಗಿ ಬರಿಗೈ ಕಾಳಗ, ನೆಲ, ಬೆವರು, ಪೆಟ್ಟು. ಇನ್ನೊಂದು ವೂಶಿಯಾ. ಅಲ್ಲಿ ಕತ್ತಿ, ರಾಜರ ಕಾಲ, ಮಾಡಿನಿಂದ ಮಾಡಿಗೆ ಹಾರುವ ವೀರರು. ‘ವೂ’ ಅಂದರೆ ಯುದ್ಧವಿದ್ಯೆ, ‘ಶಿಯಾ’ ಅಂದರೆ ನ್ಯಾಯದ ಪರ ನಿಲ್ಲುವ ವೀರ. ಇವರು ಓಡಾಡುವ ಲೋಕಕ್ಕೆ ಚೀನೀ ಭಾಷೆಯಲ್ಲಿ ‘ಜಿಯಾಂಗ್‌ಹು’ ಅನ್ನುತ್ತಾರೆ. ಬಿಡಿಸಿ ಹೇಳಿದರೆ ‘ನದಿ, ಸರೋವರ’. ಅರಮನೆಯ ಕಾನೂನಿನ ಕೈ ಅಲ್ಲಿಗೆ ಎಟುಕುವುದಿಲ್ಲ. ಕೊಟ್ಟ ಮಾತು, ಗುರುವಿನ ಋಣ, ಹಳೆಯ ಸೇಡು, ಇವೇ ಅಲ್ಲಿಯ ಕಾನೂನು.

2000ದಲ್ಲಿ ಆಂಗ್ ಲೀ ಅವರ ‘ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್’ ಬಂದಾಗ, ಬಿದಿರಿನ ತುದಿಯಲ್ಲಿ ನಿಂತು ಕತ್ತಿ ಬೀಸುವ ದೃಶ್ಯ ನೋಡಿ ‘ಲಾಜಿಕ್ಕೇ ಇಲ್ಲ’ ಅಂದವರಿದ್ದರು. ನಮ್ಮ ಪೌರಾಣಿಕ ಚಿತ್ರಗಳಲ್ಲಿ ಎರಡು ಬಾಣ ಆಕಾಶದಲ್ಲಿ ಡಿಕ್ಕಿ ಹೊಡೆದು ಕಿಡಿ ಹಾರಿದಾಗ ಯಾರಾದರೂ ಲಾಜಿಕ್ ಕೇಳಿದ್ದುಂಟಾ? ಸಾಧನೆ ಮಾಡಿದ ದೇಹ ಹಗುರಾಗುತ್ತದೆ ಅನ್ನುವುದು ವೂಶಿಯಾ ಕಾದಂಬರಿಗಳಲ್ಲಿ ಎಷ್ಟೋ ಕಾಲದಿಂದ ಬಂದ ರೂಢಿ. ಚೀನಾದ ಪ್ರೇಕ್ಷಕ ಅದನ್ನು ಒಪ್ಪಿಕೊಂಡೇ ಟಿಕೆಟ್ ತೆಗೆದುಕೊಂಡಿರುತ್ತಾನೆ. ವಿಮರ್ಶಕ ಕೇಳಬೇಕಾದ್ದು ಯಾರು ಹೇಗೆ ಹಾರುತ್ತಾರೆ ಅನ್ನುವುದನ್ನು. ಆ ದೃಶ್ಯವನ್ನು ಇನ್ನೊಮ್ಮೆ ನೋಡಿ. ಚೌ ಯುನ್-ಫ್ಯಾಟ್ ಆಡಿದ ಹಿರಿಯ ವೀರ ಕೊಂಬೆಯ ಮೇಲೆ ಹಾಯಾಗಿ ನಿಂತಿದ್ದಾನೆ. ಜಾಂಗ್ ಜಿಯಿ ಆಡಿದ ಹುಡುಗಿ ತೂಗಾಡುತ್ತಾ, ಜಾರುತ್ತಾ, ಹಿಡಿತಕ್ಕಾಗಿ ಒದ್ದಾಡುತ್ತಿದ್ದಾಳೆ. ಅವಳಿಗೆ ವಿದ್ಯೆ ಇದೆ, ನೆಮ್ಮದಿ ಇಲ್ಲ. ಒಂದು ಸಾಲು ಡೈಲಾಗ್ ಇಲ್ಲದೆ ಗುರು ಆಗಬಯಸುವವನ ಮತ್ತು ಶಿಷ್ಯೆ ಆಗಲೊಲ್ಲದವಳ ಇಡೀ ಸಂಬಂಧ ಅಲ್ಲಿ ಬಂದುಹೋಗುತ್ತದೆ.

ಆ ಬಿದಿರು ಮೆಳೆಗೂ ಒಂದು ವಂಶಾವಳಿ ಇದೆ. ಕಿಂಗ್ ಹು ಎಂಬ ನಿರ್ದೇಶಕರ ‘ಎ ಟಚ್ ಆಫ್ ಜೆನ್’ ಚಿತ್ರದಲ್ಲಿ ಬಿದಿರಿನ ಕಾಡಿನ ಕಾಳಗವೊಂದಿದೆ. 1975ರಲ್ಲಿ ಅದಕ್ಕೆ ಕಾನ್ ಚಿತ್ರೋತ್ಸವದಲ್ಲಿ ತಾಂತ್ರಿಕ ಸಾಧನೆಯ ಪ್ರಶಸ್ತಿ ಬಂತು. ಆಂಗ್ ಲೀ ಅದಕ್ಕೆ ಕೈ ಮುಗಿದಿದ್ದಾರೆ. ಅಷ್ಟೇ ಅಲ್ಲ, 1966ರಲ್ಲಿ ಕಿಂಗ್ ಹು ಅವರ ‘ಕಮ್ ಡ್ರಿಂಕ್ ವಿತ್ ಮಿ’ಯಲ್ಲಿ ನಾಯಕಿಯಾಗಿ ಕತ್ತಿ ಹಿಡಿದಿದ್ದ ಚೆಂಗ್ ಪೇ-ಪೇ ಅವರನ್ನೇ ಕರೆದು, ಇಲ್ಲಿ ವಿಷ ಕಾರುವ ಖಳನಾಯಕಿ ಮಾಡಿದ್ದಾರೆ. ಹಳೆಯದು ಗೊತ್ತಿದ್ದವರಿಗೆ ಆ ಪಾತ್ರದ ಕಹಿ ಇನ್ನೂ ಜಾಸ್ತಿ ತಟ್ಟುತ್ತದೆ.

ಕಿಂಗ್ ಹು ಅವರ ಕಾಳಗಗಳ ಬೇರು ಇರುವುದು ಪೀಕಿಂಗ್ ಆಪೆರಾದಲ್ಲಿ. ಅವರ ಹೊಡೆದಾಟಗಳನ್ನು ಸಂಯೋಜಿಸಿದ ಹಾನ್ ಯಿಂಗ್‌ಜೀ ಆ ರಂಗಭೂಮಿಯಲ್ಲೇ ಪಳಗಿದವರು. ಅಲ್ಲಿ ತಾಳ, ಜಾಗಟೆಗಳು ನಟನ ಹೆಜ್ಜೆಯನ್ನು ನಡೆಸುತ್ತವೆ. ಓಟ, ತಿರುಗು, ತಟ್ಟನೆ ಒಂದು ಭಂಗಿಯಲ್ಲಿ ನಿಲುವು. ಆಮೇಲೆ ಮತ್ತೆ ಸ್ಫೋಟ. ಯಕ್ಷಗಾನ ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಚೆಂಡೆ ಪೆಟ್ಟು ಬೀಳುವವರೆಗೆ ವೇಷ ಕಾಯುತ್ತದೆ. ದಿಗಿಣ ಹಾಕಿ ನಿಂತ ಮೇಲಿನ ಆ ಒಂದು ಕ್ಷಣಕ್ಕೇ ಚಪ್ಪಾಳೆ. ಕಿಂಗ್ ಹು ಚಿತ್ರಗಳಲ್ಲಿ ಹತ್ತು ನಿಮಿಷ ಒಂದು ಹೋಟೆಲಿನಲ್ಲಿ ಸುಮ್ನೆ ಒಬ್ಬರನ್ನೊಬ್ಬರು ದಿಟ್ಟಿಸುತ್ತಾ ಕೂತಿರುತ್ತಾರೆ. ಆಮೇಲೆ ಕತ್ತಿ ಒರೆಯಿಂದ ಹೊರಬಂದರೆ ಕಣ್ಣಿಗೆ ನಿಲುಕುವುದಿಲ್ಲ. ಟ್ರ್ಯಾಂಪೊಲಿನ್ ಮೇಲೆ ಎಗರಿಸಿ, ಜಿಗಿತದ ತುಣುಕನ್ನಷ್ಟೇ ಉಳಿಸಿ ಕತ್ತರಿಸಿದ ಕೈಚಳಕ ಅದು. ಆ ಕಾಯುವಿಕೆಯನ್ನು ‘ಲ್ಯಾಗ್’ ಅಂತ ಬರೆಯುವುದು ಪ್ರವೇಶದ ಕುಣಿತವನ್ನು ಲ್ಯಾಗ್ ಅಂದ ಹಾಗೆ.

ಜಾಕಿ ಚಾನ್ ಕಲಿತದ್ದೂ ಹಾಂಗ್‌ಕಾಂಗಿನ ಒಂದು ಆಪೆರಾ ಶಾಲೆಯಲ್ಲೇ, ಬಾಲ್ಯದಿಂದ. ಆದರೆ ಅವರ ಒಡಂಬಡಿಕೆ ಪೂರಾ ಉಲ್ಟಾ. ಅಲ್ಲಿ ದೇಹಕ್ಕೆ ತೂಕವಿದೆ, ಬಿದ್ದರೆ ನೋವಾಗುತ್ತದೆ. 1985ರ ‘ಪೊಲೀಸ್ ಸ್ಟೋರಿ’ಯ ಕೊನೆಯಲ್ಲಿ ಶಾಪಿಂಗ್ ಮಾಲ್‌ನೊಳಗೆ ದೀಪ ಸುತ್ತಿದ ಕಂಬ ಹಿಡಿದು ಮೇಲಿಂದ ಜಾರುತ್ತಾರೆ. ಅದನ್ನು ಬೇರೆ ಬೇರೆ ಕೋನಗಳಿಂದ ಮತ್ತೆ ಮತ್ತೆ ತೋರಿಸುತ್ತಾರೆ. ಕಥೆಯ ದೃಷ್ಟಿಯಿಂದ ಇದು ತಪ್ಪು. ಒಬ್ಬ ಮನುಷ್ಯ ಒಂದೇ ಸಲ ತಾನೆ ಜಾರುವುದು? ಆದರೆ ಇದು ಸಾಕ್ಷಿ ನುಡಿಯುವ ಕ್ರಮ: ನೋಡಿ, ಮೋಸ ಇಲ್ಲ, ಜಾರಿದ್ದು ನಾನೇ. ಕೊನೆಯಲ್ಲಿ ಎಡವಟ್ಟಾದ ಶಾಟ್‌ಗಳನ್ನು ಹಾಕುವುದೂ ಅದಕ್ಕೇ. ಇಂಥ ಚಿತ್ರ ನೋಡುವಾಗ ನಾನು ಮೂರು ವಿಷಯ ಗಮನಿಸುತ್ತೇನೆ. ಕಾಲು ಕಾಣುತ್ತಿದೆಯಾ? ಪೆಟ್ಟು ಮತ್ತು ಪೆಟ್ಟು ತಿಂದವನು ಒಂದೇ ಫ್ರೇಮಿನಲ್ಲಿ ಇದ್ದಾರಾ? ಹೊಡೆದಾಟ ಮುಗಿದ ಮೇಲೆ ಆ ಜಾಗದಲ್ಲಿ ಏನು ಮುರಿದಿದೆ? ಪಾತ್ರಪೋಷಣೆ ಸಾಲದು ಅಂತ ಜಾಕಿ ಚಾನ್ ಚಿತ್ರಕ್ಕೆ ಅಂಕ ಕಡಿದರೆ, ದೋಸೆಯಲ್ಲಿ ಅನ್ನದ ಅಗುಳಿಲ್ಲ ಅಂತ ದೂರಿದ ಹಾಗಾಗುತ್ತದೆ.

ಈಗ ನನ್ನ ‘ಸ್ಲೋ’ ಸಿನಿಮಾಕ್ಕೆ ಬರುತ್ತೇನೆ. 1953ರ ಚಿತ್ರ, 136 ನಿಮಿಷ. ಒನೊಮಿಚಿ ಎಂಬ ಊರಿನ ವೃದ್ಧ ದಂಪತಿ ಟೋಕಿಯೊದಲ್ಲಿರುವ ಮಕ್ಕಳನ್ನು ನೋಡಲು ಹೋಗುತ್ತಾರೆ. ಮಗ ಡಾಕ್ಟರು, ಮಗಳು ಬ್ಯೂಟಿ ಪಾರ್ಲರ್ ನಡೆಸುವವಳು. ಇಬ್ಬರಿಗೂ ಪುರುಸೊತ್ತಿಲ್ಲ. ಅಳಿಯ ಅತ್ತೆ ಮಾವನಿಗೆ ಅಂತ ಕೇಕ್ ತಂದರೆ, ಇಷ್ಟು ದುಬಾರಿದು ಯಾಕೆ ತಂದಿರಿ ಅಂತ ಮಗಳು ಗಂಡನನ್ನು ಗದರುತ್ತಾಳೆ. ಗದರುತ್ತಲೇ ತಾನು ತಿನ್ನುತ್ತಾಳೆ. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಸೊಸೆಯೊಬ್ಬಳೇ ರಜೆ ಹಾಕಿ ಊರು ತೋರಿಸುತ್ತಾಳೆ. ಊರಿಗೆ ಮರಳಿದ ಮೇಲೆ ತಾಯಿ ತೀರಿಹೋಗುತ್ತಾಳೆ. ಇಷ್ಟೇ ಕಥೆ.

ಓಜು ಕ್ಯಾಮೆರಾವನ್ನು ನೆಲದ ಹತ್ತಿರ, ಚಾಪೆ ಮೇಲೆ ಕೂತವರ ಮಟ್ಟದಲ್ಲಿ ಇಡುತ್ತಾರೆ. ಅದು ಅಲುಗಾಡುವುದು ಅಪರೂಪ. ದೃಶ್ಯ ಮುಗಿದ ಮೇಲೆ ಜನರಿಲ್ಲದ ಒಂದು ಓಣಿ, ಒಣಗಲು ಹಾಕಿದ ಬಟ್ಟೆ, ಹೊಗೆ ಉಗುಳುವ ಚಿಮಣಿ ತೋರಿಸುತ್ತಾರೆ. ಇದರ ಹಿಂದೆ ಒಂದು ಲೆಕ್ಕಾಚಾರ ಇದೆ. ಬೇರೆ ನಿರ್ದೇಶಕರು ಹಿಗ್ಗಿಸಿ ತೋರಿಸುವುದನ್ನು ಓಜು ಕತ್ತರಿಸಿ ಬಿಸಾಡುತ್ತಾರೆ. ತಾಯಿಗೆ ರೈಲಿನಲ್ಲಿ ಹುಷಾರು ತಪ್ಪಿದ್ದು ನಮಗೆ ಕಾಣುವುದಿಲ್ಲ, ಆಮೇಲೆ ಯಾರದೋ ಬಾಯಲ್ಲಿ ಕೇಳುತ್ತೇವೆ. ಬೇರೆಯವರು ಬಿಟ್ಟುಬಿಡುವುದನ್ನು ಅವರು ಇಟ್ಟುಕೊಳ್ಳುತ್ತಾರೆ. ಅಂತ್ಯಕ್ರಿಯೆ ಮುಗಿದು ಊಟಕ್ಕೆ ಕೂತಾಗ ಮಗಳು, ಅಮ್ಮನ ಕಿಮೋನೊ ನೆನಪಿಗೆ ನನಗಿರಲಿ ಅನ್ನುತ್ತಾಳೆ. ಧ್ವನಿಯಲ್ಲಿ ಕೆಟ್ಟತನ ಇಲ್ಲ. ಅದೇ ಚುಚ್ಚುವುದು. ನಮ್ಮ ಮನೆಗಳಲ್ಲೂ ಹದಿಮೂರನೆಯ ದಿನ ಆಗುವ ಮೊದಲೇ ಸೀರೆ, ಬಳೆಗಳ ಮಾತು ಬಂದದ್ದನ್ನು ಕಂಡವರು ಕೂತಲ್ಲೇ ಒಮ್ಮೆ ಮಿಸುಕಾಡುತ್ತಾರೆ.

ಹೆಂಡತಿ ಸತ್ತ ಬೆಳಗ್ಗೆ ಮುದುಕ ಹೊರಗೆ ನಿಂತಿರುತ್ತಾನೆ. ಹುಡುಕುತ್ತಾ ಬಂದ ಸೊಸೆಗೆ, ಸೂರ್ಯೋದಯ ಚೆನ್ನಾಗಿತ್ತು, ಇವತ್ತೂ ಸೆಖೆ ಆಗಬಹುದು ಅನ್ನುತ್ತಾನೆ. ಅಷ್ಟೇ. ಈ ಒಂದು ಮಾತು ಕೆಲಸ ಮಾಡಬೇಕಾದರೆ ಹಿಂದಿನ ಅಷ್ಟೂ ಗಾಳಿದಿಂಬಿನ ಮಾತುಗಳು ಬೇಕು. ಹಾಗಾಗಿ ಇಂಥ ಚಿತ್ರಕ್ಕೆ ‘ಏನಾಯಿತು’ ಅಂತ ಕೇಳುವ ಬದಲು ‘ಏನನ್ನು ಬಿಟ್ಟರು, ಏನನ್ನು ಇಟ್ಟುಕೊಂಡರು’ ಅಂತ ಕೇಳಿ. ಹಾಗಂತ ನಿಧಾನವೆಲ್ಲ ಚಿನ್ನ ಅಲ್ಲ. ಖಾಲಿ ಓಣಿಯನ್ನು ಎರಡು ನಿಮಿಷ ತೋರಿಸಿ ಪ್ರಶಸ್ತಿಗೆ ಕಣ್ಣು ಹಾಕಿದ ಚಿತ್ರಗಳೂ ಬೇಕಾದಷ್ಟಿವೆ. ಓಣಿಗೆ ಮುಂಚೆ ಮತ್ತು ಆಮೇಲೆ ಏನಿದೆ ಅನ್ನುವುದರಲ್ಲಿ ಗುಟ್ಟು ಬಯಲಾಗುತ್ತದೆ.

ಕೊರಿಯಾದ ತಾಪತ್ರಯ ಬೇರೆ. ಅಲ್ಲಿ ಒಂದೇ ಚಿತ್ರ ಒಂದೇ ಬಗೆಯಲ್ಲಿ ಉಳಿಯುವುದಿಲ್ಲ. ಬಾಂಗ್ ಜೂನ್-ಹೋ ಅವರ 2003ರ ‘ಮೆಮೊರೀಸ್ ಆಫ್ ಮರ್ಡರ್’ ಸರಣಿ ಕೊಲೆಯ ಕಥೆ. ಆದರೆ ಶುರುವಿನಲ್ಲೇ ಪೊಲೀಸರು ಗದ್ದೆಯ ಬದುವಿನಿಂದ ಜಾರಿ ಬೀಳುತ್ತಾರೆ, ಕೊಲೆಗಾರನ ಹೆಜ್ಜೆಗುರುತಿನ ಮೇಲೆ ಟ್ರ್ಯಾಕ್ಟರ್ ಹೋಗಿಬಿಡುತ್ತದೆ. ನಗು ಬರುತ್ತದೆ. ಪಕ್ಕದಲ್ಲೇ ಹೆಣ ಇದೆ. ‘ಟೋನ್ ಸರಿಯಿಲ್ಲ, ಕಾಮಿಡಿಯೋ ಥ್ರಿಲ್ಲರೋ ತೀರ್ಮಾನ ಮಾಡಿಲ್ಲ’ ಅಂತ ಬರೆಯಲು ಕೈ ತುರಿಸುತ್ತದೆ. ಸ್ವಲ್ಪ ತಡೆಯಿರಿ.

ಕಥೆಗೆ ಆಧಾರ 1986ರಿಂದ 1991ರವರೆಗೆ ಹ್ವಾಸಾಂಗ್ ಪ್ರದೇಶದಲ್ಲಿ ನಡೆದ ನಿಜವಾದ ಕೊಲೆಗಳು. ಆಗ ಕೊರಿಯಾದಲ್ಲಿ ಇದ್ದದ್ದು ಮಿಲಿಟರಿ ಹಿನ್ನೆಲೆಯ ಬಿಗಿ ಆಡಳಿತ. ಸಿನಿಮಾದಲ್ಲಿ ಕೊಲೆ ನಡೆಯಬಹುದಾದ ರಾತ್ರಿ ಹೆಚ್ಚುವರಿ ಪೊಲೀಸರನ್ನು ಕೇಳಿದರೆ ಸಿಗುವುದಿಲ್ಲ. ಪ್ರತಿಭಟನೆ ಹತ್ತಿಕ್ಕಲು ಹೋಗಿರುತ್ತಾರೆ. ಈಗ ಆ ಟ್ರ್ಯಾಕ್ಟರ್ ನೆನಪಿಸಿಕೊಳ್ಳಿ. ಜನರನ್ನು ಬಡಿಯಲು ಮಾತ್ರ ಕಲಿತ ಪೊಲೀಸರಿಗೆ ಹೆಜ್ಜೆಗುರುತು ಕಾಯಲು ಬರುವುದಿಲ್ಲ. ನಗುವಿನ ಹೊಟ್ಟೆಯಲ್ಲೇ ಭಯ ಇದೆ. 2019ರಲ್ಲಿ ಕೊನೆಗೂ ಕೊಲೆಗಾರ ಯಾರೆಂದು ತಿಳಿಯಿತು. ಅವನು ಬೇರೊಂದು ಕೊಲೆಗೆ ಆಗಲೇ ಜೈಲಿನಲ್ಲಿದ್ದ. ಹ್ವಾಸಾಂಗ್‌ನ ಆ ಕೊಲೆಗಳಲ್ಲಿ ಒಂದಕ್ಕಾಗಿ ನಿರಪರಾಧಿಯೊಬ್ಬ ಇಪ್ಪತ್ತು ವರ್ಷ ಸೆರೆಯಲ್ಲಿ ಕಳೆದಿದ್ದ. 2020ರಲ್ಲಿ ಕೋರ್ಟು ಅವನನ್ನು ನಿರ್ದೋಷಿ ಅಂದಿತು. ಸಿನಿಮಾದಲ್ಲಿ ಸಿಕ್ಕಸಿಕ್ಕವರನ್ನು ಹೊಡೆದು ಒಪ್ಪಿಸುವ ದೃಶ್ಯಗಳು ಇನ್ನು ಯಾರಿಗೂ ಬರೀ ತಮಾಷೆಯಾಗಿ ಕಾಣಲಾರವು.

ದೆವ್ವಗಳ ಮಾತಿಗೆ ಬಂದರೆ ಜಪಾನಿನವು ನಮ್ಮವಕ್ಕೆ ದೂರದ ಸಂಬಂಧಿಗಳು. ಬಿಳಿ ಬಟ್ಟೆ, ಮುಖ ಮುಚ್ಚುವ ಬಿಚ್ಚುಗೂದಲು, ಅನ್ಯಾಯವಾಗಿ ಸತ್ತ ಹೆಂಗಸು. ನಮ್ಮ ಮೋಹಿನಿಯೂ ಹೀಗೇ ಅಲ್ವಾ? ಜಪಾನಿನಲ್ಲಿ ಇದಕ್ಕೆ ‘ಒನ್ರ್ಯೋ’ ಎಂಬ ಹೆಸರು. ಕಬುಕಿ ರಂಗದ ಮೇಲೆ ಇನ್ನೂರು ವರ್ಷಗಳಿಂದ ಇವಳು ಓಡಾಡುತ್ತಿದ್ದಾಳೆ. ಅಲ್ಲಿ ದೆವ್ವದ ಕಥೆಗಳಿಗೆ ಬೇಸಿಗೆಯೇ ಹಂಗಾಮು, ತೀರಿಹೋದ ಹಿರಿಯರು ಮನೆಗೆ ಬರುತ್ತಾರೆ ಎನ್ನುವ ಓಬೋನ್ ಹಬ್ಬ ಬರುವುದೂ ಆಗಲೇ. 1998ರ ‘ರಿಂಗ್’ ಚಿತ್ರ ಈ ಹಳೆಯ ದೆವ್ವವನ್ನು ವಿಡಿಯೊ ಕ್ಯಾಸೆಟ್ಟಿಗೆ ತಂದಿತು. ಸದಾಕೊ ಎಂಬ ಆ ದೆವ್ವ ಬಾವಿಯಿಂದ ಎದ್ದು ಬರುವ ಆ ವಿಚಿತ್ರ ನಡಿಗೆಗೆ ನಟಿಯನ್ನು ಹಿಂದಕ್ಕೆ ನಡೆಸಿ, ಫಿಲ್ಮನ್ನು ತಿರುಗಿಸಿ ಓಡಿಸಿದರು. ರಕ್ತ ಕಡಿಮೆ, ಕಿರುಚಾಟ ಕಡಿಮೆ ಅಂತ ಇದಕ್ಕೆ ಅಂಕ ಕಳೆಯುವಂತಿಲ್ಲ. ಇಲ್ಲಿ ಭಯ ಇರುವುದು ಫ್ರೇಮಿನ ಮೂಲೆಯಲ್ಲಿ. ಹಳೆಯ ಕಥೆಗಳಲ್ಲಿ ಹೆಣ ಹುಡುಕಿ ಸಂಸ್ಕಾರ ಮಾಡಿದರೆ, ಅನ್ಯಾಯ ಬಯಲಾದರೆ ಆತ್ಮ ಶಾಂತವಾಗಬೇಕು. ‘ರಿಂಗ್’ ಅದೇ ದಾರಿಯಲ್ಲಿ ಕರೆದುಕೊಂಡು ಹೋಗಿ, ಮೂಳೆ ಸಿಕ್ಕ ಮೇಲೆ ಕೈ ಬಿಡುತ್ತದೆ. ಕ್ರಿಯೆ ಮಾಡಿದರೂ ಹೋಗದ ದೆವ್ವ! ರೂಢಿ ಗೊತ್ತಿದ್ದವರಿಗೇ ಅದರ ಪೆಟ್ಟು ಹೆಚ್ಚು.

ರಬ್ಬರ್ ಉಡುಪಿನ ‘ಗಾಡ್ಜಿಲ್ಲಾ’ ಬಗ್ಗೆ ನಗುವವರಿಗೂ ಒಂದು ಮಾತು. 1954ರ ಮಾರ್ಚ್‌ನಲ್ಲಿ ಅಮೆರಿಕದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ಬೂದಿ ಜಪಾನಿನ ಒಂದು ಮೀನುದೋಣಿಯ ಮೇಲೆ ಬಿತ್ತು. ಅದರ ರೇಡಿಯೊ ಆಪರೇಟರ್ ಸೆಪ್ಟೆಂಬರ್‌ನಲ್ಲಿ ಸತ್ತರು. ನವೆಂಬರ್‌ನಲ್ಲಿ ಬಂದ ಸಿನಿಮಾ ಶುರುವಾಗುವುದೇ ಸಮುದ್ರದಲ್ಲಿ ಹೊಳೆಯುವ ಬೆಳಕು ಮತ್ತು ಮುಳುಗುವ ಹಡಗಿನಿಂದ. ಆದರೆ 1956ರಲ್ಲಿ ಅಮೆರಿಕಕ್ಕೆ ಹೋದದ್ದು ಬೇರೆಯೇ ಪ್ರತಿ. ಅಲ್ಲಿಯ ನಟನೊಬ್ಬನನ್ನು ವರದಿಗಾರನಾಗಿ ಮಧ್ಯೆ ಸೇರಿಸಿ ಕಥೆಯನ್ನೇ ಮರುಜೋಡಿಸಿದ್ದರು.

ಹಾಗಾಗಿ ಯಾವ ಪ್ರತಿ ನೋಡಿದೆ ಅನ್ನುವುದನ್ನು ಮೊದಲು ಖಚಿತ ಮಾಡಿಕೊಳ್ಳಬೇಕು. ಹಾಂಗ್‌ಕಾಂಗಿನ 2002ರ ‘ಇನ್‌ಫರ್ನಲ್ ಅಫೇರ್ಸ್’ನಲ್ಲಿ ಪೊಲೀಸರೊಳಗೆ ಸೇರಿಕೊಂಡ ಗ್ಯಾಂಗಿನವನು ಸಿಕ್ಕಿಬೀಳುವುದಿಲ್ಲ. ಚೀನಾದ ಮುಖ್ಯಭೂಮಿಗೆ ತಯಾರಿಸಿದ ಕೊನೆಯಲ್ಲಿ ಮಾತ್ರ ಅವನನ್ನು ಬಂಧಿಸುತ್ತಾರೆ. ತಮಾಷೆ ಎಂದರೆ ಚಿತ್ರದ ಚೀನೀ ಹೆಸರು ಬೌದ್ಧರ ಅವೀಚಿ ನರಕವನ್ನು ಸೂಚಿಸುತ್ತದೆ, ಬಿಡುವೇ ಇಲ್ಲದ ನರಕ. ಸಿಕ್ಕಿಬೀಳದೆ ಬದುಕುಳಿಯುವುದೇ ಅವನ ಶಿಕ್ಷೆ. ಬಂಧಿಸಿಬಿಟ್ಟರೆ ನರಕ ಮುಗಿದೇ ಹೋಯಿತಲ್ಲ!

ಇನ್ನು ಸಬ್‌ಟೈಟಲ್. ಇದರಲ್ಲಿ ನಾವು ಕನ್ನಡದವರು ಇಂಗ್ಲಿಷ್ ವಿಮರ್ಶಕರಿಗಿಂತ ಒಂದು ಹೆಜ್ಜೆ ಮುಂದಿದ್ದೇವೆ ಅಂತ ನನ್ನ ನಂಬಿಕೆ. ಕೊರಿಯನ್ ಭಾಷೆಯಲ್ಲಿ ಕ್ರಿಯಾಪದದ ಬಾಲವೇ ಮರ್ಯಾದೆ ಹೇಳುತ್ತದೆ. ಜಪಾನಿಯಲ್ಲೂ ಅಂಥದ್ದೇ ಮೆಟ್ಟಿಲುಗಳಿವೆ. ಇಬ್ಬರು ‘ಬನ್ನಿ’ಯಿಂದ ‘ಬಾ’ಗೆ ಇಳಿದ ಕ್ಷಣ ಪ್ರೀತಿ ಇರಬಹುದು, ಅವಮಾನವೂ ಇರಬಹುದು. ಇಂಗ್ಲಿಷ್ ಸಾಲಿನಲ್ಲಿ ಎರಡಕ್ಕೂ ಒಂದೇ ಪದ. ತೆರೆಯ ಮೇಲೆ ಎದುರಿನವನ ಮುಖ ಸುಮ್ನೆ ಕೆಂಪಾದ ಹಾಗೆ ಕಂಡರೆ, ಅಲ್ಲಿ ‘ನೀವು’ ಬಿದ್ದುಹೋಗಿದೆಯಾ ಅಂತ ಕಿವಿಗೊಟ್ಟು ಕೇಳಿ.

ಬಾಂಗ್ ಜೂನ್-ಹೋ ಅವರದೇ ‘ಪ್ಯಾರಸೈಟ್’ನಲ್ಲಿ ಸಿರಿವಂತರ ಮನೆಯೊಡತಿ ಫೋನ್ ಮಾಡಿ ಒಂದು ತಿಂಡಿ ಮಾಡಿಡಲು ಹೇಳುತ್ತಾಳೆ. ಸಬ್‌ಟೈಟಲ್‌ನಲ್ಲಿ ಅದು ‘ರಾಮ್-ಡಾನ್’. ಅನುವಾದಕರು ಕಟ್ಟಿದ ಪದ ಅದು. ನಿಜವಾದದ್ದು ಜಪಾಗುರಿ: ಎರಡು ಅಗ್ಗದ ಇನ್‌ಸ್ಟಂಟ್ ನೂಡಲ್ಸ್ ಬೆರೆಸಿ ಮಾಡುವುದು, ಹಾಸ್ಟೆಲ್ ಹುಡುಗರ ತಿಂಡಿ ಅನ್ನಿ. ಅದಕ್ಕೆ ಈಕೆ ದುಬಾರಿ ಕೊರಿಯನ್ ದನದ ಮಾಂಸ ಹಾಕಿಸುತ್ತಾಳೆ. ಮ್ಯಾಗಿಗೆ ಕೇಸರಿ, ಗೋಡಂಬಿ ಹಾಕಿ ಬಡಿಸಿದ ಹಾಗೆ. ಇಡೀ ಚಿತ್ರದ ಮೇಲು ಕೀಳು ಒಂದು ಬಟ್ಟಲಿನಲ್ಲಿದೆ. ನಕಲಿ ಸರ್ಟಿಫಿಕೇಟಿನ ಮಾತಿನಲ್ಲಿ ಸಿಯೋಲ್ ವಿಶ್ವವಿದ್ಯಾಲಯ ಇದ್ದಲ್ಲಿ ಸಬ್‌ಟೈಟಲ್ ‘ಆಕ್ಸ್‌ಫರ್ಡ್’ ಅನ್ನುತ್ತದೆ. ಜಾಣತನವೇ. ಆದರೆ ವಿಮರ್ಶಕ ಆಕ್ಸ್‌ಫರ್ಡ್ ಹಿಡಿದುಕೊಂಡು ‘ಪಾಶ್ಚಾತ್ಯ ವ್ಯಾಮೋಹ’ ಅಂತ ಪುಟ ತುಂಬಿಸಿದರೆ ಕೆಟ್ಟ.

ಸಬ್‌ಟೈಟಲ್ ಉಚ್ಚಾರವನ್ನೂ ನುಂಗುತ್ತದೆ. ‘ಕ್ರೌಚಿಂಗ್ ಟೈಗರ್’ ನೋಡಿ ನಾವೆಲ್ಲ ಬೆರಗಾದಾಗ, ಚೀನಾದ ಎಷ್ಟೋ ಜನ ನಾಯಕ ನಾಯಕಿಯರ ಮ್ಯಾಂಡರಿನ್ (ಚೀನಾದ ಅಧಿಕೃತ ಭಾಷೆ) ಕೇಳಿ ನಕ್ಕಿದ್ದರು. ಚೌ ಯುನ್-ಫ್ಯಾಟ್ ಅವರದು ಹಾಂಗ್‌ಕಾಂಗಿನ ಕ್ಯಾಂಟನೀಸ್ ನಾಲಿಗೆ. ಮಲೇಷ್ಯಾದ ಮಿಶೆಲ್ ಯೋ ಸಾಲುಗಳನ್ನು ಉಚ್ಚಾರ ಕಲಿತು ಒಪ್ಪಿಸಿದ್ದರು. ತೈವಾನಿನ ಹೌ ಶಾವ್-ಶಿಯೆನ್ ಅವರ ‘ಎ ಸಿಟಿ ಆಫ್ ಸ್ಯಾಡ್‌ನೆಸ್’ನಲ್ಲಂತೂ ಭಾಷೆಯೇ ಕಥೆ. 1989ರಲ್ಲಿ ವೆನಿಸ್‌ನಲ್ಲಿ ಗೋಲ್ಡನ್ ಲಯನ್ ಗೆದ್ದ ಚಿತ್ರ. ಚೀನಾದಿಂದ ಬಂದ ಸರ್ಕಾರ ತೈವಾನಿನ ಜನರ ದಂಗೆಯನ್ನು ಹತ್ತಿಕ್ಕಿದ 1947ರ ಹತ್ಯಾಕಾಂಡದ ಸುತ್ತ ನಡೆಯುತ್ತದೆ. ತೈವಾನೀಸ್, ಮ್ಯಾಂಡರಿನ್, ಜಪಾನಿ, ಶಾಂಘೈನವರ ಮಾತು, ಎಲ್ಲ ಬರುತ್ತವೆ. ಮಂಗಳೂರಿನ ಕಥೆಯೊಂದರಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲಕ್ಕೂ ಒಂದೇ ಬಣ್ಣದ ಇಂಗ್ಲಿಷ್ ಸಾಲು ಹಾಕಿದರೆ ಹೇಗೆ? ನಾಯಕ, ಹಾಂಗ್‌ಕಾಂಗಿನ ಟೋನಿ ಲಿಯಾಂಗ್‌ಗೆ ತೈವಾನೀಸ್ ಬರುತ್ತಿರಲಿಲ್ಲ, ಪಾತ್ರವನ್ನು ಕಿವುಡ ಮೂಗನನ್ನಾಗಿ ಮಾಡಿದ್ದಕ್ಕೆ ಅದೂ ಒಂದು ಕಾರಣ. ರೈಲಿನಲ್ಲಿ ದೊಂಬಿಯವರು ನೀನು ಯಾವ ಕಡೆಯವನು ಅಂತ ಸುತ್ತುವರಿದಾಗ, ಆ ಮೂಗ ಗಂಟಲು ಹರಿದು ‘ನಾನು ತೈವಾನಿನವನು’ ಅಂತ ತೊದಲುತ್ತಾನೆ. ನಟನ ಕೊರತೆಯೇ ಚಿತ್ರದ ಎದೆಬಡಿತವಾಗಿದೆ.

ಕೊನೆಗೆ ಒಂದು ಚಿತ್ರ ಹೇಳಿ ಬಿಡುತ್ತೇನೆ. ತೈವಾನಿನಲ್ಲೇ ತ್ಸಾಯ್ ಮಿಂಗ್-ಲಿಯಾಂಗ್ 2003ರಲ್ಲಿ ಮಾಡಿದ ‘ಗುಡ್‌ಬೈ, ಡ್ರ್ಯಾಗನ್ ಇನ್’. ಮುಚ್ಚಲಿರುವ ಹಳೆಯ ಥಿಯೇಟರ್, ಹೊರಗೆ ಮಳೆ, ಒಳಗೆ ಕೊನೆಯ ಶೋ. ತೆರೆಯ ಮೇಲೆ ಓಡುತ್ತಿರುವುದು ಕಿಂಗ್ ಹು ಅವರ 1967ರ ‘ಡ್ರ್ಯಾಗನ್ ಇನ್’. ಅಲ್ಲಿ ಕತ್ತಿಗಳ ಖಣಖಣ. ಇಲ್ಲಿ ಕಾಲು ಕುಂಟುವ ಟಿಕೆಟ್ ಹೆಂಗಸು ಮೆಟ್ಟಿಲು ಹತ್ತುವುದನ್ನು ಪೂರ್ತಿ ತೋರಿಸುತ್ತಾರೆ. ಸುಮಾರು ಅರ್ಧ ಸಿನಿಮಾ ಮುಗಿಯುವವರೆಗೆ ಥಿಯೇಟರಿನೊಳಗೆ ಯಾರೂ ಒಂದು ಮಾತೂ ಆಡುವುದಿಲ್ಲ. ನೋಡುಗರಲ್ಲಿ ಇಬ್ಬರು ಮುದುಕರಿದ್ದಾರೆ, ಮಿಯಾವ್ ತಿಯೆನ್ ಮತ್ತು ಶಿ ಜುನ್. ಮೂವತ್ತಾರು ವರ್ಷಗಳ ಹಿಂದೆ ಆ ‘ಡ್ರ್ಯಾಗನ್ ಇನ್’ನಲ್ಲಿ ಕತ್ತಿ ಹಿಡಿದು ಕಾದಿದ್ದವರು ಅವರೇ. ಒಬ್ಬರ ಕಣ್ಣಲ್ಲಿ ನೀರು. ಶೋ ಮುಗಿದ ಮೇಲೆ ಲಾಬಿಯಲ್ಲಿ ಎದುರಾಗುತ್ತಾರೆ. ಒಬ್ಬರು ಮೊಮ್ಮಗನ ಕೈ ಹಿಡಿದಿದ್ದಾರೆ.

ಅದನ್ನು ನಾನು ಎದ್ದು ಹೋಗದೆ ನೋಡಿದೆ. ಮಾರನೆಯ ಭಾನುವಾರ ‘ಟೋಕಿಯೊ ಸ್ಟೋರಿ’ಯನ್ನು ಗಾಳಿದಿಂಬಿನ ದೃಶ್ಯದಿಂದ ಮತ್ತೆ ಹಾಕಿದೆ.